ಅಪ್‌ಡೇಟ್‌ನ ಹೊತ್ತನ್ನು ಗೊತ್ತುಮಾಡಬೇಕಾದವರು ಯಾರು?

ಎರಡು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ, ಸಾಗರದ ನಮ್ಮ ಮನೆಯ ಹೆಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಹತ್ತಿರದ ಹಳ್ಳಿಯ ಶಾಲೆಯೊಂದು ನೂರು ವರ್ಷ ಪೂರೈಸಿದ ನೆನಪಿಗೆ ಹೊರತರುತ್ತಿದ್ದ ಸ್ಮರಣ ಸಂಚಿಕೆಯ ಕೊನೆಯ ಪುಟಗಳನ್ನು ನಾನು ಕಟ್ಟುತ್ತಿದ್ದೆ. ಒಟ್ಟು 212 ಪುಟ. ಹಳೆಯ ವಿದ್ಯಾರ್ಥಿಗಳ ಲೇಖನಗಳು, ಹಿಂದಿನ ಮುಖ್ಯೋಪಾಧ್ಯಾಯರ ಭಾವಚಿತ್ರಗಳು, ದಾನಿಗಳ ಉದ್ದನೆಯ ಪಟ್ಟಿ. ಬೆಳಗ್ಗೆ ಎಂಟು ಗಂಟೆಯೊಳಗೆ ಪಿಡಿಎಫ್ ಶಿವಮೊಗ್ಗದ ಮುದ್ರಣಾಲಯಕ್ಕೆ ತಲುಪಬೇಕಿತ್ತು. ಹನ್ನೊಂದೂವರೆಗೆ ಎದ್ದು ಒಳಗೆ ಹೋಗಿ, ಅಮ್ಮನಿಗೆ ಮಾತ್ರೆ ಕೊಟ್ಟು, ಒಂದು ಲೋಟ ಕಷಾಯ ಕುಡಿದು, ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಪರದೆಯ ಮೇಲೆ ನನ್ನ ಪುಟಗಳಿರಲಿಲ್ಲ. ಅಪ್‌ಡೇಟ್ ನಡೆಯುತ್ತಿದೆ, ಶೇ. 27 ಮುಗಿದಿದೆ, ಕಂಪ್ಯೂಟರನ್ನು ಆರಿಸಬೇಡಿ ಎಂಬ ಸೂಚನೆಯಷ್ಟೇ ಇತ್ತು.

ಅದಾದ ಐದೇ ನಿಮಿಷಕ್ಕೆ ಕರೆಂಟು ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಅದೇನೂ ಹೊಸದಲ್ಲ. ಎಲ್ಲಿಯೋ ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದಿರುತ್ತದೆ, ಲೈನ್‌ಮನ್ ಆ ಕತ್ತಲಿನಲ್ಲಿ ಹುಡುಕಿಕೊಂಡು ಹೋಗಬೇಕು. ನನ್ನ ಯುಪಿಎಸ್ ಹೆಚ್ಚೆಂದರೆ ಇಪ್ಪತ್ತು ನಿಮಿಷ ತಾಳುತ್ತಿತ್ತು. ಅಷ್ಟರೊಳಗೆ ಕಡತವನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ ಮಲಗುವುದು ನನ್ನ ಎಂದಿನ ರೂಢಿ. ಆ ರಾತ್ರಿ ಅದಕ್ಕೆ ಅವಕಾಶವೇ ಇರಲಿಲ್ಲ, ಏಕೆಂದರೆ ಆರಿಸಬೇಡಿ ಎಂದು ಯಂತ್ರ ಹೇಳುತ್ತಿತ್ತು, ಆರಿಸದಿದ್ದರೆ ಬ್ಯಾಟರಿ ತಾನಾಗಿಯೇ ಮುಗಿದು ಆರುತ್ತಿತ್ತು. ಬ್ಯಾಟರಿ ಉಳಿಯಲೆಂದು ಮಾನಿಟರನ್ನು ಆರಿಸಿ, ಮೊಬೈಲಿನ ಬೆಳಕಿನಲ್ಲಿ ಕುಳಿತು, ಕ್ಯಾಬಿನೆಟ್‌ನ ಫ್ಯಾನಿನ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಯುಪಿಎಸ್ ಮೊದಲು ಅರೆನಿಮಿಷಕ್ಕೊಮ್ಮೆ ಕೂಗುತ್ತಿದ್ದದ್ದು ಬರಬರುತ್ತ ಎರಡು ಸೆಕೆಂಡಿಗೊಮ್ಮೆ ಕೂಗತೊಡಗಿತು. ನಡುವೆ ಎರಡು ಸಲ ಮಾನಿಟರ್ ಹಾಕಿ ನೋಡಿದೆ. ಒಮ್ಮೆ ಶೇ. 44, ಇನ್ನೊಮ್ಮೆ ಶೇ. 61. ಕೂಗು ಬಿಡುವಿಲ್ಲದ ಒಂದೇ ಸದ್ದಾಗಿ ಮಾರ್ಪಟ್ಟ ಹೊತ್ತಿಗೆ ದೀಪ ಬಂತು. ಎದೆಬಡಿತ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

ಅಪ್‌ಡೇಟ್ ಮುಗಿದಾಗ ರಾತ್ರಿ ಒಂದೂಮುಕ್ಕಾಲು. ಕಡತ ತೆರೆಯಿತು, ಆದರೆ ಕೊನೆಯ ನಲವತ್ತು ನಿಮಿಷದ ಕೆಲಸ ಅದರಲ್ಲಿರಲಿಲ್ಲ. ಅದನ್ನು ಹೇಗೋ ಮತ್ತೆ ಮಾಡಬಹುದಿತ್ತು. ನನ್ನನ್ನು ಕಂಗೆಡಿಸಿದ್ದು ಬೇರೆಯದು: 212 ಪುಟಗಳಿದ್ದ ಪುಸ್ತಕ ಈಗ 214 ಪುಟಗಳಾಗಿತ್ತು. ವ್ಯವಸ್ಥೆಯೊಂದಿಗೇ ಬರುವ ಕನ್ನಡ ಫಾಂಟಿನ ಹೊಸ ಆವೃತ್ತಿಯೊಂದು ಆ ಅಪ್‌ಡೇಟ್‌ನೊಂದಿಗೆ ಬಂದಿತ್ತು. ಅದರಲ್ಲಿ ಅಕ್ಷರಗಳ ನಡುವಣ ಅಂತರ ಕೂದಲೆಳೆಯಷ್ಟು ಬದಲಾಗಿತ್ತು. ಕೂದಲೆಳೆಯಷ್ಟು ಬದಲಾದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಸಾಲು ಬದಲಾದರೆ ಪ್ಯಾರಾ ಬೆಳೆಯುತ್ತದೆ, ಪ್ಯಾರಾ ಬೆಳೆದರೆ ಚಿತ್ರ ಮುಂದಿನ ಪುಟಕ್ಕೆ ಜಾರುತ್ತದೆ, ಪರಿವಿಡಿಯಲ್ಲಿನ ಪುಟಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ಒಬ್ಬ ಹಿರಿಯ ಮೇಷ್ಟರ ಭಾವಚಿತ್ರದ ಕೆಳಗೆ ಇನ್ನೊಬ್ಬರ ಹೆಸರು ಬಂದು ಕುಳಿತಿತ್ತು. ಬೆಳಗಿನ ಐದರವರೆಗೆ ಒಂದೊಂದೇ ಪುಟವನ್ನು ಅದರ ಹಿಂದಿನ ಸ್ಥಿತಿಗೆ ತಂದು, ಏಳೂವರೆಗೆ ಪಿಡಿಎಫ್ ಕಳಿಸಿದೆ.

ನಮ್ಮ ತಂದೆ ಅಚ್ಚುಮೊಳೆ ಜೋಡಿಸುತ್ತಿದ್ದವರು. ಸಂಜೆ ಅಂಗಡಿ ಮುಚ್ಚುವ ಮುನ್ನ, ಜೋಡಿಸಿ ಮುಗಿದ ಪುಟದ ಸುತ್ತ ದಾರವನ್ನು ನಾಲ್ಕೈದು ಸುತ್ತು ಬಿಗಿದು, ತಟ್ಟೆಯ ಮೇಲೆ ಇಟ್ಟು ಬರುತ್ತಿದ್ದರು. ಬೆಳಗ್ಗೆ ಅದು ಹಾಗೆಯೇ ಇರುತ್ತಿತ್ತು. ಆ ಕಾಲ ಮರಳಬೇಕೆಂದು ನಾನು ಬಯಸುವುದಿಲ್ಲ. ಸೀಸದ ಧೂಳಿನಲ್ಲಿ ಅವರ ಕಣ್ಣು ಎಷ್ಟು ಬೇಗ ಮಂಜಾಯಿತೆಂಬುದನ್ನು ಕಂಡವನು ನಾನು. ಆದರೆ ರಾತ್ರಿ ಬಿಟ್ಟುಹೋದ ಪುಟ ಬೆಳಗ್ಗೆ ಹಾಗೆಯೇ ಇರುತ್ತದೆ ಎಂಬ ಭರವಸೆ ಈ ಕಸುಬಿನ ತಳಹದಿ, ಮತ್ತು ಆ ಭರವಸೆಯನ್ನು ಮುರಿಯುವ ಅಧಿಕಾರವನ್ನು ನಾನು ಯಾರಿಗೂ ಬರೆದುಕೊಟ್ಟಿರಲಿಲ್ಲ.

ಹೀಗೆಂದ ಮಾತ್ರಕ್ಕೆ ನಾನು ಅಪ್‌ಡೇಟ್‌ಗಳ ವಿರೋಧಿಯಲ್ಲ. ಅಪ್‌ಡೇಟ್ ಹಾಕಿಕೊಳ್ಳದೆ ಇರುವುದು ಎಂಥ ಅಪಾಯವೆಂಬುದಕ್ಕೆ 2017ರ ವಾನ್ನಾಕ್ರೈ ದಾಳಿಗಿಂತ ಬೇರೆ ಸಾಕ್ಷಿ ಬೇಡ. ಕಂಪ್ಯೂಟರನ್ನು ನಡೆಸುವ ವಿಂಡೋಸ್ ವ್ಯವಸ್ಥೆಯ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ, ಅಂದರೆ ದೋಷ ಮುಚ್ಚುವ ಅಪ್‌ಡೇಟ್, ಬಿಡುಗಡೆ ಮಾಡಿತ್ತು. ಮೇ 12ರಂದು ಅದೇ ದೋಷದ ಮೂಲಕ ನುಗ್ಗಿದ ಕುತಂತ್ರಾಂಶ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ನಡುವೆ ಸುಮಾರು ಎರಡು ತಿಂಗಳ ಸಮಯವಿತ್ತು. ಆ ಅವಧಿಯಲ್ಲಿ ತೇಪೆ ಹಾಕಿಕೊಂಡಿದ್ದವರಿಗೆ ಆ ದಾರಿಯಿಂದ ಏನೂ ಆಗಲಿಲ್ಲ. ಜನ ತಾವಾಗಿಯೇ ಹಾಕಿಕೊಳ್ಳುವುದಿಲ್ಲ, ಒಬ್ಬನ ಉದಾಸೀನ ಹತ್ತು ಜನರ ಯಂತ್ರಕ್ಕೆ ಕುತ್ತು ತರುತ್ತದೆ, ಆದ್ದರಿಂದ ಒತ್ತಾಯವಾಗಿಯಾದರೂ ಹಾಕಬೇಕು ಎಂಬ ಕಂಪನಿಗಳ ವಾದದಲ್ಲಿ ಹುರುಳಿದೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ವರ್ಷಗಟ್ಟಲೆ ಒಂದೂ ತೇಪೆ ಕಾಣದ ಕಂಪ್ಯೂಟರ್‌ಗಳಲ್ಲಿ ಜನರ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳು ತುಂಬಿರುವುದನ್ನು ನಾನೇ ನೋಡಿದ್ದೇನೆ.

ನನ್ನ ತಕರಾರು ಇರುವುದು ಒಂದೇ ಪೊಟ್ಟಣದಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಕಟ್ಟಿ ಕಳಿಸುವುದರ ಬಗ್ಗೆ. ಮುರಿದ ಬೀಗವನ್ನು ಸರಿಮಾಡಲು ಬಂದವನು ಬೀಗ ಸರಿಮಾಡಿ ಹೋಗಬೇಕು. ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬಿಯ ಜಾಗದಲ್ಲಿ ಸಕ್ಕರೆಯ ಡಬ್ಬಿ ಇಟ್ಟು ಹೋದರೆ, ಬೀಗ ಸರಿಯಾಯಿತಲ್ಲ ಎಂದು ನಾವು ಸುಮ್ಮನಿರಲಾಗದು. ಹಿಂದೆ ವಿಂಡೋಸ್‌ನಲ್ಲಿ ತೇಪೆಗಳ ಪಟ್ಟಿಯನ್ನು ನೋಡಿ ಬೇಕಾದದ್ದನ್ನು ಹಾಕಿಕೊಂಡು ಬೇಡವಾದದ್ದನ್ನು ಬಿಡಲು ಸಾಧ್ಯವಿತ್ತು. 2015ರ ಜುಲೈ 29ರಂದು ಬಂದ ವಿಂಡೋಸ್ 10ರ, ಮನೆಬಳಕೆಯ ಹೋಮ್ ಆವೃತ್ತಿಯಲ್ಲಿ ಆ ಆಯ್ಕೆ ಇಲ್ಲವಾಯಿತು. 2016ರ ಅಕ್ಟೋಬರಿನಿಂದ ವಿಂಡೋಸ್ 7 ಮತ್ತು 8.1ಕ್ಕೂ ತಿಂಗಳ ತೇಪೆಗಳನ್ನು ಒಟ್ಟಾಗಿ ಒಂದೇ ಗಂಟಿನಲ್ಲಿ ಕೊಡುವ ಪದ್ಧತಿ ಬಂತು. ಒಂದು ತೇಪೆಯಿಂದ ತೊಂದರೆಯಾದರೆ ಅದೊಂದನ್ನೇ ಬಿಡುವ ಹಾಗಿಲ್ಲ, ಇಡೀ ಗಂಟನ್ನೇ ಬಿಡಬೇಕು.

ಅದೇ 2016ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಹಳೆಯ ವಿಂಡೋಸ್ ಬಳಸುತ್ತಿದ್ದವರ ಪರದೆಯ ಮೇಲೆ 10ಕ್ಕೆ ಬನ್ನಿ ಎಂದು ಕರೆಯುವ ಒಂದು ಕಿಟಕಿ ಪದೇ ಪದೇ ತೆರೆದುಕೊಳ್ಳುತ್ತಿತ್ತು. ಮೂಲೆಯಲ್ಲಿರುವ ‘X’ ಗುರುತನ್ನು ಒತ್ತಿ ಕಿಟಕಿ ಮುಚ್ಚಿದರೆ ಬೇಡ ಎಂದು ಅರ್ಥ, ಇದು ಕಂಪ್ಯೂಟರ್ ಕಲಿತ ಪ್ರತಿ ಮಗುವಿಗೂ ಗೊತ್ತು. ಆ ವರ್ಷದ ಮೇ ಹೊತ್ತಿಗೆ ಅದನ್ನು ಒತ್ತಿದರೂ ನಿಗದಿಪಡಿಸಿದ ದಿನ ಅಪ್‌ಗ್ರೇಡ್ ನಡೆಯುವಂತೆ ಮಾಡಲಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು, ತಾವು ಕೇಳದೆಯೇ ಬಂದ ಅಪ್‌ಗ್ರೇಡ್‌ನಿಂದ ಕೆಲಸ ಕೆಟ್ಟಿತೆಂದು ದಾವೆ ಹೂಡಿ 10,000 ಡಾಲರ್ ಪರಿಹಾರ ಪಡೆದರು. ಆ ವಿಷಯದಲ್ಲಿ ಮಿತಿ ಮೀರಿದ್ದೆವು ಎಂದು ಕಂಪನಿಯ ಹಿರಿಯ ಅಧಿಕಾರಿಯೇ ವರ್ಷದ ಕೊನೆಯಲ್ಲಿ ಒಪ್ಪಿಕೊಂಡರು. ಎರಡು ವರ್ಷದ ನಂತರ, 2018ರ ಅಕ್ಟೋಬರಿನ ದೊಡ್ಡ ಅಪ್‌ಡೇಟ್ ಕೆಲವರ ದಾಖಲೆಗಳನ್ನೂ ಚಿತ್ರಗಳನ್ನೂ ಅಳಿಸಿಹಾಕಿದ ದೂರುಗಳು ಬಂದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ನವೆಂಬರಿನಲ್ಲಿ ತಿದ್ದಿ ಮತ್ತೆ ಬಿಡಬೇಕಾಯಿತು. ಕಡತಕೋಶಗಳ ಜಾಗವನ್ನು ಬೇರೆಡೆಗೆ ಬದಲಿಸಿಕೊಂಡಿದ್ದವರಲ್ಲಿ, ಹಳೆಯ ಜಾಗದಲ್ಲಿ ಇನ್ನೂ ಉಳಿದಿದ್ದ ಕಡತಗಳನ್ನು ಅಪ್‌ಡೇಟ್ ಖಾಲಿ ಎಂದು ಭಾವಿಸಿ ತೆಗೆದುಹಾಕಿತ್ತು. ಈ ಜಾಯಮಾನ ಒಂದೇ ಕಂಪನಿಯದಲ್ಲ. ಹಳೆಯ ಬ್ಯಾಟರಿಯ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬಳಕೆದಾರರಿಗೆ ಆ ವಿಷಯವನ್ನು ಮೊದಲೇ ಸ್ಪಷ್ಟವಾಗಿ ತಿಳಿಸಿರಲಿಲ್ಲ.

ಇಲ್ಲಿ ನನಗೆ ಹೆಚ್ಚು ನೋವು ತರುವ ಅಂಶ ಇನ್ನೊಂದಿದೆ. ಬ್ಯಾಂಕುಗಳು, ದೊಡ್ಡ ಕಂಪನಿಗಳು ಬೆಲೆ ಹೆಚ್ಚಿನ ಆವೃತ್ತಿಗಳನ್ನು ಕೊಳ್ಳುತ್ತವೆ. ಅವುಗಳಲ್ಲಿ ಅಪ್‌ಡೇಟ್‌ಗಳನ್ನು ತಿಂಗಳುಗಟ್ಟಲೆ ಮುಂದೂಡುವ, ಕೆಲವು ಯಂತ್ರಗಳಲ್ಲಿ ಪರೀಕ್ಷಿಸಿ ನೋಡಿ ಉಳಿದವಕ್ಕೆ ಹಾಕುವ ವ್ಯವಸ್ಥೆಯಿದೆ. ಲ್ಯಾಪ್‌ಟಾಪಿನ ಜೊತೆಗೇ ಬಂದ ಹೋಮ್ ಆವೃತ್ತಿಯನ್ನು ಬಳಸುವ ಶಿಕ್ಷಕಿ, ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯವನು, ಮನೆಯಲ್ಲಿ ಪುಟ ಕಟ್ಟುವ ನಾನು, ಇಂಥವರಿಗೆ ಸಿಕ್ಕಿದ್ದು ಕೆಲಸದ ಅವಧಿಯನ್ನು, ಅಂದರೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗಬಾರದ ಹೊತ್ತನ್ನು, ಗುರುತಿಸುವ ಅವಕಾಶ ಮತ್ತು 2019ರಿಂದ ಈಚೆಗೆ ಅಪ್‌ಡೇಟ್‌ಗಳಿಂದ ಗರಿಷ್ಠ 35 ದಿನದ ಬಿಡುವು ಮಾತ್ರ. ಯಾರ ಬಳಿ ಕೆಟ್ಟ ಯಂತ್ರವನ್ನು ಸರಿಪಡಿಸಲು ಒಂದು ವಿಭಾಗವೇ ಇದೆಯೋ ಅವರಿಗೆ ಹೆಚ್ಚು ಹಿಡಿತ, ಯಾರ ಬಳಿ ಯಾರೂ ಇಲ್ಲವೋ ಅವರಿಗೆ ಕಡಿಮೆ. ಇದು ತಲೆಕೆಳಗಾದ ಏರ್ಪಾಡೆಂದು ನನ್ನ ದೃಢ ಅಭಿಪ್ರಾಯ.

ಆಷಾಢದ ಆ ರಾತ್ರಿಯ ನಂತರವೂ ನಾನು ತಕ್ಷಣ ಏನೂ ಮಾಡಲಿಲ್ಲ. ಕೈಗೆ ಒಗ್ಗಿದ ಯಂತ್ರವನ್ನು ಬಿಡುವುದು ಸುಲಭವಲ್ಲ. ಗಟ್ಟಿಯಾಗಿ ಯೋಚಿಸುವಂತೆ ಮಾಡಿದ್ದು 2025ರ ಅಕ್ಟೋಬರ್ 14, ಅಂದರೆ ವಿಂಡೋಸ್ 10ಕ್ಕೆ ಉಚಿತ ಭದ್ರತಾ ತೇಪೆಗಳು ನಿಂತ ದಿನ. ಮನೆಬಳಕೆದಾರರಿಗೆ ಇನ್ನೂ ಒಂದು ವರ್ಷ ತೇಪೆ ಪಡೆಯಲು ಕೆಲವು ದಾರಿಗಳನ್ನು ಕೊಟ್ಟಿದ್ದಾರೆ, ನಿಜ. ಆದರೆ ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. 2017ಕ್ಕಿಂತ ಮುಂಚೆ ಕೊಂಡ, ಇನ್ನೂ ಚೆನ್ನಾಗಿಯೇ ಓಡುತ್ತಿರುವ ಯಂತ್ರಗಳು ಈ ಗೆರೆಯ ಆಚೆ ಉಳಿದವು. ಬೇಡವೆಂದಾಗ ಒತ್ತಾಯದಿಂದ ಅಪ್‌ಡೇಟ್ ಬರುವುದು ಒಂದು ಕಡೆ, ಬೇಕೆಂದು ಕಾದಿರುವಾಗ ಯಂತ್ರ ಹಳೆಯದಾಯಿತೆಂದು ಅಪ್‌ಡೇಟ್ ನಿಲ್ಲುವುದು ಇನ್ನೊಂದು ಕಡೆ. ಎರಡೂ ಕಡೆ ತೀರ್ಮಾನ ಯಂತ್ರದ ಒಡೆಯನದಲ್ಲ.

ಹೀಗಾಗಿ ಕಳೆದ ದೀಪಾವಳಿಯ ರಜೆಯಲ್ಲಿ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು, ಡಿಸ್ಕಿನಲ್ಲಿದ್ದ ಯಾವುದನ್ನೂ ಮುಟ್ಟದೆ, ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ತೆರೆದು ನೋಡಿದೆ. ನನ್ನ ಮೊದಲ ಪರೀಕ್ಷೆ ಕನ್ನಡದ್ದು. ಐಬಸ್ ಎಂಬ ಕೀಲಿಮಣೆ ವ್ಯವಸ್ಥೆಯನ್ನು, ಅದರ ಜೊತೆಗೆ ಎಂ17ಎನ್ ಎಂಬ ಕಡತಗುಚ್ಛವನ್ನು ಹಾಕಿಕೊಂಡಾಗ ಪಟ್ಟಿಯಲ್ಲಿ ಕೆಜಿಪಿ ವಿನ್ಯಾಸ ಕಾಣಿಸಿತು. ಕೆ.ಪಿ. ರಾವ್ ಅವರು ರೂಪಿಸಿದ, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಅದೇ ವಿನ್ಯಾಸ. ಇಪ್ಪತ್ತು ವರ್ಷದಿಂದ ಅದರಲ್ಲಿಯೇ ಪಳಗಿದ ಬೆರಳುಗಳು ಏನನ್ನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ನಾನು ಮೊದಲು ಬೆರಳಚ್ಚಿಸಿದ ಪದ ‘ಸ್ವಾತಂತ್ರ್ಯ’. ಅದರಲ್ಲಿ ಒತ್ತಕ್ಷರಗಳು ಒಂದರ ಕೆಳಗೊಂದು ಬರುವುದರಿಂದ ಹೊಸ ಫಾಂಟುಗಳನ್ನು ಅದರಲ್ಲಿಯೇ ಪರೀಕ್ಷಿಸುವುದು ನನ್ನ ವಾಡಿಕೆ. ಲೋಹಿತ್, ಗುಬ್ಬಿ, ನವಿಲು, ನೋಟೋ, ನಾಲ್ಕರಲ್ಲಿಯೂ ಅದು ಸರಿಯಾಗಿ ಮೂಡಿತು.

ಎರಡನೆಯ ಪರೀಕ್ಷೆಯಲ್ಲಿ ಕಾಲು ತೊಡರಿತು. ನನ್ನ ಹಳೆಯ ಕಡತಗಳೆಲ್ಲ ನುಡಿ ಮತ್ತು ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿವೆ. ಬಹುಪಾಲು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಕಟ್ಟಿದವು. ಆ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇದ್ದರೆ ಅದು ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಎಂದಿಗೂ ಕನ್ನಡವಾಗಿರಲೇ ಇಲ್ಲ. ಇಂಥ ಕಡತಗಳನ್ನು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಜಾಗತಿಕ ಪದ್ಧತಿಗೆ, ಪರಿವರ್ತಿಸುವ ತಂತ್ರಾಂಶಗಳಿವೆ, ಕನ್ನಡದ ಉತ್ಸಾಹಿಗಳು ಮಾಡಿ ಉಚಿತವಾಗಿಯೇ ಕೊಟ್ಟಿದ್ದಾರೆ. ಅವು ನೂರಕ್ಕೆ ತೊಂಬತ್ತು ಪಾಲು ಕೆಲಸ ಮುಗಿಸುತ್ತವೆ, ಉಳಿದ ಹತ್ತು ಪಾಲಿನಲ್ಲಿ ಅರ್ಕಾವೊತ್ತು ಕಾಡುತ್ತದೆ. ‘ಸೂರ್ಯ’ ಎಂಬ ಪದವನ್ನು ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಮೊದಲು ಯಕಾರ, ಆಮೇಲೆ ಅರ್ಕಾವೊತ್ತು ಎಂದು ಇಟ್ಟುಕೊಂಡಿರುತ್ತದೆ. ಯೂನಿಕೋಡಿನಲ್ಲಿ ನಾಲಗೆಯ ಕ್ರಮ, ರಕಾರ ಮೊದಲು. ಪರಿವರ್ತನೆಯಲ್ಲಿ ಈ ಹಿಂದುಮುಂದು ತಪ್ಪಿದರೆ ಪದ ಕೆಡುತ್ತದೆ, ಕಣ್ಣಿಟ್ಟು ಓದದೆ ಬೇರೆ ಉಪಾಯವಿಲ್ಲ. ಸರ್ಕಾರಿ ಕಚೇರಿಗಳ, ಸಣ್ಣ ಪ್ರಕಾಶಕರ, ಸಂಘಸಂಸ್ಥೆಗಳ ಎರಡು ದಶಕದ ಕನ್ನಡ ಬರಹ ಹೀಗೆ ಒಂದು ಕಾರ್ಯಾಚರಣಾ ವ್ಯವಸ್ಥೆಗೂ ಕೆಲವೇ ಫಾಂಟುಗಳಿಗೂ ಕಟ್ಟುಬಿದ್ದಿದೆ. ಒತ್ತಾಯದ ಅಪ್‌ಡೇಟನ್ನು ನಾವು ಸಹಿಸಿಕೊಂಡು ಬಂದಿರುವುದಕ್ಕೆ ಅಭ್ಯಾಸಬಲಕ್ಕಿಂತ ಈ ಕಟ್ಟು ದೊಡ್ಡ ಕಾರಣವೆಂದು ನನಗೆ ಆಗ ಮನದಟ್ಟಾಯಿತು.

ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಎಂಬ ತಂತ್ರಾಂಶ ಹಿಡಿದಿದ್ದೇನೆ. ಅದರ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುತ್ತಿತ್ತು, 1.5ರ ಸರಣಿಯಲ್ಲಿ ಆ ತೊಂದರೆ ನೀಗಿದೆ. ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಪಿಡಿಎಫ್ ಅದರಿಂದ ಬರುತ್ತದೆ, ಶಿವಮೊಗ್ಗದ ಮುದ್ರಕರು ಯಾವ ತಕರಾರೂ ಇಲ್ಲದೆ ತೆಗೆದುಕೊಂಡರು. ಕೋಷ್ಟಕಗಳನ್ನು ಕಟ್ಟುವುದು ಇನ್ನೂ ಕಷ್ಟ, ಕೈ ನಿಧಾನವಾಗಿದೆ. ಎಲ್ಲರಿಗೂ ಈ ದಾರಿ ಸರಿ ಎಂದು ನಾನು ಹೇಳಲಾರೆ. ಪಕ್ಕದ ಬೀದಿಯಲ್ಲಿ ಲೆಕ್ಕಪತ್ರ ಬರೆಯುವ ನನ್ನ ಸ್ನೇಹಿತರಿಗೆ ಟ್ಯಾಲಿ ಬೇಕೇ ಬೇಕು. ನಮ್ಮ ಬೆಂಗಳೂರಿನದೇ ಕಂಪನಿಯ ಆ ತಂತ್ರಾಂಶ ವಿಂಡೋಸ್‌ಗೆಂದು ಮಾಡಿದ್ದು. ಅವರಿಗೆ ನಾನು ಹೇಳಿದ್ದು ಇಷ್ಟೇ: ಕೆಲಸದ ಅವಧಿಯನ್ನು ಸರಿಯಾಗಿ ಗುರುತಿಸಿಕೊಳ್ಳಿ, ವಾರಕ್ಕೊಮ್ಮೆ ನೀವಾಗಿಯೇ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿ, ದಾಖಲೆಗಳ ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ಇಟ್ಟು ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಿ.

ಲಿನಕ್ಸ್‌ನಲ್ಲಿ ಅಪ್‌ಡೇಟ್‌ನಿಂದ ಏನೂ ಕೆಡುವುದಿಲ್ಲ ಎನ್ನುವವರ ಮಾತನ್ನು ನಂಬಬಾರದು. ವ್ಯವಸ್ಥೆಯ ತಿರುಳಾದ ಕರ್ನಲ್ ಬದಲಾದಾಗ ಅಲ್ಲಿಯೂ ವೈಫೈ ನಿಲ್ಲಬಹುದು, ಪ್ರಿಂಟರ್ ಮುನಿಸಿಕೊಳ್ಳಬಹುದು. ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟುವಿನಲ್ಲಿ ಸ್ನ್ಯಾಪ್ ಎಂಬ ಪೊಟ್ಟಣದ ರೂಪದಲ್ಲಿ ಬರುವ ತಂತ್ರಾಂಶಗಳು ತಾವಾಗಿಯೇ ಹೊಸದಾಗುತ್ತಿದ್ದವು, ಅದನ್ನು ಪೂರ್ತಿ ತಡೆಯುವ ಅವಕಾಶವನ್ನು ಬಳಕೆದಾರರು ವರ್ಷಗಟ್ಟಲೆ ಕೇಳಿದ ಮೇಲೆಯೇ ಕೊಟ್ಟಿದ್ದು. ಅಂದರೆ ಒತ್ತಾಯದ ಗುಣ ಉಚಿತ ತಂತ್ರಾಂಶದವರಿಗೂ ಅಂಟಬಹುದು. ವ್ಯತ್ಯಾಸವಿರುವುದು ಕೆಟ್ಟ ಮೇಲೆ ಏನು ಮಾಡಬಹುದು ಎಂಬುದರಲ್ಲಿ. ಹಿಂದಿನ ಕರ್ನಲ್ ಯಂತ್ರದಲ್ಲಿಯೇ ಉಳಿದಿರುತ್ತದೆ, ತೆರೆಯುವಾಗ ಅದನ್ನು ಆರಿಸಿಕೊಂಡರೆ ಆಯಿತು. ಮಿಂಟ್‌ನ ಜೊತೆಗೆ ಬರುವ ಟೈಮ್‌ಶಿಫ್ಟ್, ಇಡೀ ವ್ಯವಸ್ಥೆಯ ನಿನ್ನೆಯ ಸ್ಥಿತಿಯನ್ನು ಕಾಪಿಟ್ಟುಕೊಂಡು, ಬೇಕೆಂದಾಗ ಅಲ್ಲಿಗೆ ಮರಳಿಸುತ್ತದೆ. ಆ ರಾತ್ರಿ ನನ್ನ ಬಳಿ ಇಂಥದ್ದೊಂದು ಇದ್ದಿದ್ದರೆ 214 ಪುಟಗಳು ಹತ್ತು ನಿಮಿಷದಲ್ಲಿ 212ಕ್ಕೆ ಬರುತ್ತಿದ್ದವು.

ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲಿಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಐಟಿ@ಸ್ಕೂಲ್ ಯೋಜನೆಯಿಂದ ಮೊದಲಾಗಿ ಈಗ ಕೈಟ್ ಎಂಬ ಸಂಸ್ಥೆ ಶಾಲೆಗಳಿಗೆಂದೇ ಒಂದು ಆವೃತ್ತಿಯನ್ನು ಸಿದ್ಧಪಡಿಸಿ ಹಂಚುತ್ತದೆ. ಯಾವಾಗ ಹೊಸ ಆವೃತ್ತಿಗೆ ಹೋಗಬೇಕೆಂಬುದನ್ನು ಅಲ್ಲಿ ಶಾಲೆಯ ಕ್ಯಾಲೆಂಡರ್ ನೋಡಿ ಗೊತ್ತುಮಾಡಬಹುದು. ಕೇಂದ್ರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್‌ನಲ್ಲಿ ಕನ್ನಡವೂ ಸೇರಿದಂತೆ ಭಾರತದ ಭಾಷೆಗಳಿಗೆ ಜಾಗವಿದೆ. ಕನ್ನಡದ ಕೀಲಿಮಣೆ ವಿನ್ಯಾಸವನ್ನು ಅಷ್ಟು ಸೊಗಸಾಗಿ ಕಟ್ಟಿಕೊಂಡ ನಾವು, ನಮ್ಮ ಕಚೇರಿಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಕೈಗೆತ್ತಿಕೊಂಡರೆ, ಯಾವ ವ್ಯವಸ್ಥೆ ಬಳಸಬೇಕೆಂಬ ಆಯ್ಕೆ ನಿಜವಾಗಿಯೂ ನಮ್ಮದಾಗುತ್ತದೆ. ಅದು ಒಬ್ಬಿಬ್ಬರು ಮನೆಯಲ್ಲಿ ಕುಳಿತು ಮುಗಿಸುವ ಕೆಲಸವಲ್ಲ.

ನನ್ನ ಪಾಲಿನದನ್ನು ಮಾತ್ರ ಶುರುಮಾಡಿದ್ದೇನೆ. ಕಂಪ್ಯೂಟರಿನಲ್ಲಿ ಈಗ ಎರಡು ಡಿಸ್ಕುಗಳಿವೆ. ಹಳೆಯದರಲ್ಲಿ ಹಳೆಯ ವ್ಯವಸ್ಥೆಯನ್ನು, ಇಂಟರ್ನೆಟ್ ಸಂಪರ್ಕ ತೆಗೆದು, ಪೇಜ್‌ಮೇಕರ್ ಕಡತಗಳನ್ನು ತೆರೆಯಲೆಂದೇ ಉಳಿಸಿಕೊಂಡಿದ್ದೇನೆ. ಹೊಸ ಪುಸ್ತಕಗಳೆಲ್ಲ ಇನ್ನೊಂದರಲ್ಲಿ. ಭಾನುವಾರಗಳಂದು ಕಡತಗಳನ್ನು ಪರಿವರ್ತಿಸಿ, ಅರ್ಕಾವೊತ್ತುಗಳನ್ನು ತಿದ್ದುತ್ತೇನೆ. 340 ಕಡತಗಳಲ್ಲಿ 61 ಮುಗಿದಿವೆ.

ಇಂದು ಸಂಜೆ ಅಪ್‌ಡೇಟ್‌ನ ಪಟ್ಟಿ ತೆರೆದಾಗ ಹದಿನಾಲ್ಕು ಹೆಸರುಗಳಿದ್ದವು. ಭದ್ರತೆಯ ಗುರುತಿದ್ದ ಮೂರನ್ನು ಆಗಲೇ ಹಾಕಿಕೊಂಡೆ. ಉಳಿದ ಹನ್ನೊಂದರಲ್ಲಿ ಫಾಂಟಿನ ಕಡತಗುಚ್ಛವೊಂದಿತ್ತು, ನಾಡಿದ್ದು ಒಂದು ಕವನ ಸಂಕಲನ ಅಚ್ಚಿಗೆ ಹೋಗಬೇಕಿದೆ. ಪಟ್ಟಿಯನ್ನು ಮುಚ್ಚಿ ಪುಟ 48ಕ್ಕೆ ಮರಳಿದೆ.